ಗೆರೆ ದಾಟಿದ ಹಸಿರು

ಎದುರಿಗೆ ಕೂತವರ ಅಂಗಿಯ ಕಾಲರಿನ ಹಿಂದೆ ಒಂದು ದಾರ ಹೊರಗೆ ಇಣುಕುತ್ತಿದೆ, ಬಿಳಿ ಅಂಗಿಗೆ ಕೆನೆಬಣ್ಣದ ದಾರ, ಯಾರು ಹೊಲಿದದ್ದೋ, ತುದಿ ಕತ್ತರಿಸದೆ ಹಾಗೇ ಕಳಿಸಿದ್ದಾರೆ, ಯಾರಾದರೂ ಎಳೆದರೆ ಕಾಲರೇ ಕೈಗೆ ಬರುತ್ತದೆ — ಕಣ್ಣು ಮುಚ್ಚಿಕೋ, ಅಂದುಕೊಂಡಳು, ಮುಚ್ಚಿಕೊಂಡಳು, ಮುಚ್ಚಿದ ಕಣ್ಣೊಳಗೂ ಆ ದಾರ ನೇತಾಡುತ್ತಲೇ ಇತ್ತು. ಉಸಿರು ಒಳಗೆ, ಉಸಿರು ಹೊರಗೆ. ಯೋಚನೆ ಬಂದ್ರೆ ಬಂತು ಅಂತ ನೋಡಿ, ಬಿಡಿ, ಅದರ ಕೈ ಹಿಡ್ಕೊಂಡು ಹೊರಟುಬಿಡಬೇಡಿ, ಎನ್ನುತ್ತಿದ್ದಾರೆ ಧ್ಯಾನ ಹೇಳಿಕೊಡುವ ಅಮ್ಮ, ಹಿಂದೆ ನರ್ಸ್ ಆಗಿದ್ದವರು, ಸೂಜಿ ಚುಚ್ಚುವ ಮೊದಲು ಆಡುವ ದನಿ ಇನ್ನೂ ಹಾಗೇ ಇದೆ, ಸ್ವಲ್ಪವೂ ನೋವಾಗಲ್ಲ ಅನ್ನುವ ದನಿ. ನೋವಾಗಿದೆ. ನಿನ್ನೆ ಸಂಜೆಯಿಂದ ಆಗಿದೆ. ಆ ಚಿತ್ರದಲ್ಲಿ ಏನಿತ್ತು ಹೇಳಮ್ಮ — ಮಗಳು ತನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, ಕೈಯಲ್ಲಿ ಸೌಟು ಹಾಗೇ ಇತ್ತು, ಸೌಟಿನಿಂದ ನೆಲಕ್ಕೆ ಹನಿ ಬೀಳುತ್ತಿತ್ತು, ಇವಳು ಮೊದಲು ನೋಡಿದ್ದು ಹನಿಯನ್ನು, ಮಗಳ ಮುಖವನ್ನು ಆಮೇಲೆ — ನನ್ನ ಪುಟ್ಟಿ ಬರೆದ ಚಿತ್ರಕ್ಕೆ ಬಾಣ ಅಂಟಿಸಿದ್ಯಲ್ಲ, ಅದರಲ್ಲಿ ಏನಿತ್ತು, ಅಷ್ಟು ಹೇಳು ಸಾಕು, ಸೋಮವಾರದಿಂದ ಅವಳನ್ನ ನಿನ್ನ ಹತ್ರಾನೇ ಬಿಟ್ಟು ಕೆಲಸಕ್ಕೆ ಹೋಗ್ತೀನಿ, ಇಲ್ಲಾಂದ್ರೆ ಡೇಕೇರಿಗೆ ಸೇರಿಸ್ತೀನಿ. ಮರ, ಅಂದಳು ಇವಳು, ಹಸಿರು ಇದ್ದದ್ದು ನೆನಪಿತ್ತು, ಹಸಿರು ಅಂದರೆ ಮರ ತಾನೆ. ಮಗಳು ತಲೆ ಅಲ್ಲಾಡಿಸಿದಳು, ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನಿಧಾನಕ್ಕೆ ಜ್ಞಾಪಿಸ್ಕೋ, ನಾಳೆ ಮಧ್ಯಾಹ್ನ ಹೇಗೂ ಊಟಕ್ಕೆ ನಿನ್ನ ಮನೆಗೆ ಬರ್ತೀವಲ್ಲ, ಆಗ ಹೇಳು. ನಾಳೆ ಅಂದರೆ ಇವತ್ತು. ಈ ಗಂಟೆ ಬಾರಿಸಿ ಎಲ್ಲರೂ ಎದ್ದರೆ ಮನೆ, ಮನೆಗೆ ಹೋದರೆ ಒಲೆ, ಅನ್ನ ಬೇಯುವಷ್ಟರಲ್ಲಿ ಬಾಗಿಲಲ್ಲಿ ಇಬ್ಬರೂ ನಿಂತಿರುತ್ತಾರೆ, ಮರ ಅಲ್ಲದಿದ್ದರೆ ಮತ್ತೇನು. ಉಸಿರು ಒಳಗೆ. ಪಕ್ಕದಲ್ಲಿ ನಿವೃತ್ತ ಕಂಡಕ್ಟರ್ ಆಗಲೇ ಗೊರಕೆ ಶುರುಮಾಡಿದ್ದಾರೆ, ಕೇಳಿದರೆ ನಾನು ಆಳಕ್ಕೆ ಇಳಿದಿದ್ದೆ ಅನ್ನುತ್ತಾರೆ, ಇಳಿಯೋದಾದ್ರೆ ಸ್ಟಾಪ್ ಬಂದಾಗ ಇಳೀರಿ, ನಡುವೆ ಇಳಿದ್ರೆ ಹೇಗೆ, ಎಂದು ಹೋದ ವಾರ ಇವಳು ಅಂದದ್ದಕ್ಕೆ ಎಲ್ಲರೂ ನಕ್ಕಿದ್ದರು, ಅವರೂ ನಕ್ಕಿದ್ದರು, ಆದರೆ ಆಮೇಲೆ ಜಾಗ ಬದಲಿಸಿ ಒಂದು ಚಾಪೆಯಷ್ಟು ದೂರ ಕೂರತೊಡಗಿದರು, ಅದು ಈಗ ಹೊಳೆಯುತ್ತಿದೆ, ಈಗ.

ಬಾಣ ಅಂದರೆ ಬೆರಳ ಉಗುರಷ್ಟು ದೊಡ್ಡ, ಬಾಣದಾಕಾರದ ಕೆಂಪು ಸ್ಟಿಕ್ಕರು. ಇವಳು ಕೆಲಸಕ್ಕಿದ್ದ ಗಾರ್ಮೆಂಟ್ಸಿನ ಚೆಕಿಂಗ್ ಟೇಬಲ್ಲಿನಲ್ಲಿ ಅಂಗಿ ಬಂದು ಬೀಳುತ್ತದೆ, ಕಾಲರು, ಭುಜ, ತೋಳು, ಕಂಕುಳ ಹೊಲಿಗೆ, ಕೊನೆಗೆ ಅಂಚು, ಕೈ ತಾನಾಗಿ ಹರಿದು ಹೋಗುತ್ತದೆ, ಹೊಲಿಗೆ ಬಿಟ್ಟಿದ್ದ ಕಡೆ, ಸುಕ್ಕು ಬಿದ್ದ ಕಡೆ, ಎಣ್ಣೆ ಕಲೆ ಆದ ಕಡೆ ಬಾಣ ಅಂಟಿಸಿ ಹಿಂದಕ್ಕೆ ಎಸೆಯಬೇಕು, ಹೊಲಿದವರು ಬಿಚ್ಚಿ ಮತ್ತೆ ಹೊಲಿಯಬೇಕು. ಸ್ಟಿಕ್ಕರಿನ ಪಟ್ಟಿಯನ್ನು ಮಣಿಕಟ್ಟಿಗೆ ಬಳೆಯ ಹಾಗೆ ಸುತ್ತಿಕೊಂಡಿರುತ್ತಿದ್ದಳು. ಬಾಣದಕ್ಕ ಬಂದ್ಲು, ಉಸಿರು ಬಿಗಿಹಿಡ್ಕೊಳ್ರೇ, ಎಂದು ಮೆಷಿನ್ನಿನ ಹುಡುಗಿಯರು ಪಿಸುಗುಡುತ್ತಿದ್ದರು, ಕೇಳಿದರೂ ಕೇಳದ ಹಾಗೆ ಇರುತ್ತಿದ್ದಳು, ಒಳಗೊಳಗೆ ಒಂದಿಷ್ಟು ಹೆಮ್ಮೆಯೂ ಇತ್ತು, ಇವಳ ಕಣ್ಣು ತಪ್ಪಿಸಿ ಒಂದು ಗುಂಡಿಯೂ ಹೋಗುವುದಿಲ್ಲ ಎಂದು. ಗಂಡ ಬದುಕಿದ್ದಾಗ ಅವರು ಕೆಲಸಕ್ಕೆ ಹೊರಡುವ ಮೊದಲು ಬಾಗಿಲಲ್ಲಿ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದರು, ನೋಡೇ, ಪಾಸಾ ಫೇಲಾ, ತಮಾಷೆಗೆ, ಇವಳು ತಮಾಷೆಗಲ್ಲದೆ ನಿಜವಾಗಿ ನೋಡುತ್ತಿದ್ದಳು, ಪ್ಯಾಂಟಿನ ಅಂಚು ಒಂದು ಕಡೆ ಇಳಿದಿದೆ ಅನ್ನುತ್ತಿದ್ದಳು, ಅವರ ನಗುವನ್ನು ನೋಡಿದ್ದು ಕಡಿಮೆ, ಅಂಚನ್ನು ನೋಡಿದ್ದೇ ಹೆಚ್ಚು. ಮನೆಯಲ್ಲೇ ಸಿಕ್ಕಿದ ತಪ್ಪು ಬೀದಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಮೊದಲು ನೋಡುವವಳು ನಾನೇ ಆಗಿರಬೇಕು, ನನಗಿಂತ ಮೆತ್ತಗೆ ಯಾರು ತಾನೆ ಹೇಳುತ್ತಾರೆ — ಇದನ್ನೇ ಪ್ರೀತಿ ಎಂದು ನಂಬಿದ್ದಳು, ಅದು ಬರೀ ನಂಬಿಕೆ ಅನ್ನುವುದೂ ಗೊತ್ತಿರಲಿಲ್ಲ, ಗಾಳಿಯ ಹಾಗೆ ಇತ್ತು, ಉಸಿರಾಡುತ್ತಿದ್ದಳು. ಉಸಿರು ಹೊರಗೆ. ಇಲ್ಲಿಗೆ ಬರತೊಡಗಿದ ಮೇಲಾದರೂ ತಿಳಿಯಬೇಕಿತ್ತು. ಇಲ್ಲಿಗೆ ಬಂದು ಮಾಡಿದ್ದೇನು, ಟೇಬಲ್ಲನ್ನೇ ತಲೆಯೊಳಕ್ಕೆ ತಂದು ಹಾಕಿಕೊಂಡಳು, ಯೋಚನೆ ಬಂದರೆ ಹರಡಿ ನೋಡುವುದು, ಇದು ಹೊಟ್ಟೆಕಿಚ್ಚು, ಬಾಣ, ಇದು ಸಿಟ್ಟು, ಬಾಣ, ಇದು ಬರೀ ಹರಟೆ, ಬಾಣ, ಹಿಂದಕ್ಕೆ. ಇವತ್ತು ಒಂದೂ ತಪ್ಪಿಸ್ಕೊಳ್ಳಲಿಲ್ಲಮ್ಮ, ಎಲ್ಲ ಹಿಡಿದೆ, ಎಂದು ಒಮ್ಮೆ ಹೇಳಿದ್ದಕ್ಕೆ ಆ ಅಮ್ಮ ನಕ್ಕು, ಹಿಡಿಯೋಕೆ ಅವೇನು ಕಳ್ಳರಾ ಅಕ್ಕಾ, ಮನೆಗೆ ಬಂದ ನೆಂಟರು, ಕೂರಿಸಿ, ಮುಖ ನೋಡಿ, ಹೋಗ್ತಾರೆ ಅಂದಿದ್ದರು. ತಲೆಯಾಡಿಸಿದ್ದಳು. ಅರ್ಥವಾಯಿತು ಎಂದೂ ಅಂದಿದ್ದಳು. ಮನೆಗೆ ಹೋಗಿ ಮಗಳಿಗೆ ಫೋನಿನಲ್ಲಿ ನಿನಗೀಗ ಸಿಟ್ಟು ಬರ್ತಿದೆ, ಅದನ್ನ ಗಮನಿಸು ಅಂದಿದ್ದಳು. ಅದಕ್ಕೆ ಮಗಳು ಹೇಳಿದ್ದು — ಅಮ್ಮಾ, ಮೊದ್ಲು ಬಟ್ಟೆಗೆ ಮಾತ್ರ ಅಂಟಿಸ್ತಿದ್ದೆ, ಈಗ ಮನಸ್ಸಿಗೂ ಶುರು ಮಾಡಿದ್ಯಾ.

ಅದು ಹಾಗಿರಲಿ, ಚಿತ್ರ. ಚಿತ್ರವನ್ನು ನೆನಪು ಮಾಡಿಕೋ. ಹೋದ ಭಾನುವಾರ ಮಗಳ ಮನೆಯ ಕಿಟಕಿಯ ಕೆಳಗೆ ಬಿಸಿಲಿತ್ತು, ಪುಟ್ಟಿ ನೆಲದ ಮೇಲೆ ಹೊಟ್ಟೆ ಊರಿ ಮಲಗಿ ಬಣ್ಣ ಹಚ್ಚುತ್ತಿದ್ದಳು, ನಾಲಗೆಯ ತುದಿ ತುಟಿಯ ಮೂಲೆಯಲ್ಲಿ, ಅಂಗಾಲು ಮೇಲಕ್ಕೆ, ಅಂಗಾಲಿಗೆ ಧೂಳು, ಧೂಳು ನೆನಪಿದೆ ನೋಡು. ಅಜ್ಜೀ, ನೋಡು ಎಂದು ಹಾಳೆ ಎತ್ತಿ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ನೋಡಿದ್ದಳು, ಅವಸರವೇನೂ ಇರಲಿಲ್ಲ, ಕೆಲಸ ಬಿಟ್ಟು ಎರಡು ದಿನವಾಗಿತ್ತು, ಪುಟ್ಟಿಯನ್ನು ನೋಡಿಕೊಳ್ಳಲೆಂದೇ ಬಿಟ್ಟದ್ದು, ಇನ್ಮೇಲೆ ನಮ್ಮ ಅಂಗಿಗಳಿಗೆ ಯಾರಕ್ಕ ದಿಕ್ಕು ಎಂದು ಹುಡುಗಿಯರು ನಕ್ಕು ಅತ್ತು ಕಳಿಸಿದ್ದರು. ಕಪ್ಪು ಗೆರೆ, ಅದರೊಳಗೆ ಹಸಿರು, ಕೆಳಗಡೆ ಎಡಕ್ಕೆ ಹಸಿರು ಗೆರೆ ದಾಟಿ ಆಚೆ ಚಾಚಿತ್ತು, ಕರುವಿನ ನಾಲಗೆಯ ಹಾಗೆ, ಅಲ್ಲಿ ಬಣ್ಣದ ಮೇಣ ದಪ್ಪಗೆ ಕೂತಿತ್ತು, ಬೆರಳಿಗೆ ತಾಗಿತ್ತು, ಇಷ್ಟು ಚೊಕ್ಕವಾಗಿ ನೆನಪಿದೆ, ಬೇಕಾದರೆ ಈಗಲೂ ಬರೆದು ತೋರಿಸಬಲ್ಲಳು, ಆ ನಾಲಗೆಯಷ್ಟನ್ನು. ಚೀಲದಲ್ಲಿ ಸ್ಟಿಕ್ಕರಿನ ಪಟ್ಟಿ ಹಾಗೇ ಉಳಿದಿತ್ತು. ಕೈ ಹೋಯಿತು. ಯೋಚನೆ ಬರುವ ಮೊದಲೇ ಕೈ ಹೋಗಿತ್ತು, ಗಮನಿಸುವುದಕ್ಕೆ ಯೋಚನೆ ಎಲ್ಲಿತ್ತು, ಬಾಣ ಅಂಟಿತ್ತು. ಪುಟ್ಟಿ ಎದ್ದು ಕುಣಿದಳು, ಅಜ್ಜಿ ಸ್ಟಿಕ್ಕರ್ ಕೊಟ್ಲು, ಅಜ್ಜಿ ನಂಗೆ ಸ್ಟಿಕ್ಕರ್ ಕೊಟ್ಲು — ಶಾಲೆಯಲ್ಲಿ ಚೆನ್ನಾಗಿ ಬರೆದರೆ ಕೊಡುತ್ತಾರಲ್ಲ, ಹಾಗೆ ಅಂದುಕೊಂಡಿತು ಮಗು. ಅಲ್ಲಿಗೆ ಬಿಡಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆ ಬಾಣ ಬಹುಮಾನವೇ ಆಗಿಬಿಡುತ್ತಿತ್ತು, ಒಬ್ಬಳಿಗಾದರೂ. ಅದಲ್ಲ ಕಂದಾ, ಇಲ್ಲಿ ಬಣ್ಣ ಆಚೆ ಹೋಗಿದೆ ನೋಡು, ಅದಕ್ಕೆ ಅಂಟಿಸಿದ್ದು, ಎಂದು ಎಷ್ಟು ಮೆತ್ತಗೆ ಹೇಳಿದಳು, ತಲೆ ಸವರಿ ಹೇಳಿದಳು. ಕುಣಿಯುತ್ತಿದ್ದ ಕಾಲು ನಿಂತವು. ಆ ಹಾಳೆ ಈಗ ಇಲ್ಲ, ಅವತ್ತು ಸಂಜೆಯೇ ಪುಟ್ಟಿ ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳಂತೆ. ಮತ್ತೆ ನಿನ್ನೆ — ಬೇಡ, ನಿನ್ನೆಯದು ಬೇಡ, ಮೊದಲು ಚಿತ್ರ, ಮನೆಯೇ, ಗಿಳಿಯೇ, ಕಪ್ಪು ಗೆರೆ ಎತ್ತ ತಿರುಗಿತ್ತು, ಮೇಲೆ ಎರಡು ಕಣ್ಣಿದ್ದವೇ — ನಿನ್ನೆ ಹಾಲಿನ ಲೋಟ ಹಿಡಿದು ಕೋಣೆಯೊಳಗೆ ಕಾಲಿಟ್ಟಳು, ಪುಟ್ಟಿ ಮತ್ತೆ ಬರೆಯುತ್ತಿದ್ದಳು, ಅಜ್ಜಿಯ ಹೆಜ್ಜೆ ಕೇಳಿತು, ತಿರುಗಲಿಲ್ಲ, ಅಂಗೈಯನ್ನು ಹಾಳೆಯ ಮೇಲೆ ಇಟ್ಟುಬಿಟ್ಟಳು. ಅಷ್ಟೇ. ಒಂದು ಅಂಗೈ. ಏನು ಬರೀತಿದೀಯ ಪುಟ್ಟೀ. ಏನಿಲ್ಲ. ತೋರಿಸು. ಏನೂ ಇಲ್ಲ ಅಜ್ಜಿ. ಅದನ್ನು ಬಾಗಿಲಿನಿಂದ ನೋಡಿದ ಮಗಳು ಆಮೇಲೆ ಅಡುಗೆಮನೆಯಲ್ಲಿ ಕೇಳಿದ್ದು, ಚಿತ್ರದಲ್ಲಿ ಏನಿತ್ತು ಹೇಳಮ್ಮ. ಅವಳು ನನ್ನ ಹಾಗೆ ಆಗ್ತಾಳೆ ಅಂತ ಭಯನೇನೇ ನಿಂಗೆ, ಎಂದು ಇವಳು ಕೇಳಿದ್ದಳು. ನಿನ್ನ ಹಾಗಲ್ಲಮ್ಮ, ಅಂದಳು ಮಗಳು, ನಿನ್ನ ಹೆಜ್ಜೆ ಕೇಳಿದ್ರೆ ಎಲ್ಲಾ ಮುಚ್ಚಿಡ್ತಿದ್ದ ನನ್ನ ಹಾಗೆ ಆಗ್ತಾಳೆ ಅಂತ.

ಗಂಟೆಯ ಸದ್ದು. ಚಾಪೆ ಸುತ್ತುವ ಸರಸರ, ಕಂಡಕ್ಟರ್ ಆಕಳಿಸಿ ಎದ್ದ ಸದ್ದು, ಕಿಟಕಿ ತೆರೆದರು, ಹೊರಗಿನ ಗಾಡಿಗಳೆಲ್ಲ ಒಮ್ಮೆಗೇ ಒಳಗೆ ಬಂದವು. ಅಕ್ಕಾ, ಮುಗೀತು, ಎಂದು ನರ್ಸಮ್ಮ ಹತ್ತಿರ ಬಂದು ಹೇಳಿದರು, ಒಂದು ನಿಮಿಷ ಅಮ್ಮಾ ಅಂದಳು, ಕಣ್ಣು ತೆರೆಯಲಿಲ್ಲ. ಹೇಳಿಬಿಡಬೇಕು ಮಗಳಿಗೆ, ನಾನು ನೋಡಲಿಲ್ಲ ಕಣೇ, ಕೈಯಲ್ಲಿ ಹಿಡಿದೂ ನೋಡಲಿಲ್ಲ — ಸರಿ, ಇಷ್ಟೇ ಹೇಳಬೇಕು — ಆದರೆ ಈ ಮಾತಿನಲ್ಲೂ ಎಲ್ಲೋ ಸುಕ್ಕು ಬಿದ್ದಿದೆ, ಮತ್ತೆ ಶುರುವಾಯಿತು ನೋಡು, ಅಯ್ಯೋ, ಬಿಡು. ಬಿಟ್ಟಳು. ಹೆಸರಿಡದೆ, ಹಿಂದಕ್ಕೆ ಎಸೆಯದೆ, ಬರುವುದು ಬರಲಿ ಎಂದು ಕೂತಳು, ನೆಂಟರ ಹಾಗೆ ಕೂತು ಮುಖ ತೋರಿಸಲಿ, ಈಗಲಾದರೂ ಚಿತ್ರ ಬರಲಿ. ಬಂದದ್ದು ಪುಟ್ಟಿಯ ಅಂಗೈ. ಒಂದೊಂದೇ ಬೆರಳನ್ನು ಮೆಲ್ಲಗೆ ಎತ್ತಿ ಕೆಳಗೆ ನೋಡಲು ಹೋದಳು, ಎತ್ತಿದ ಬೆರಳು ಮತ್ತೆ ಬಂದು ಕೂರುತ್ತದೆ, ಉಗುರಿನ ಸಂದಿಯಲ್ಲಿ ಮೇಣದ ಬಣ್ಣ, ಗಿಣ್ಣುಗಳ ಮೇಲೆ ಎಳೆಯ ಗುಳಿ, ಮಗುವಿನ ಕತ್ತು ಮಾತ್ರ ಇತ್ತ ತಿರುಗುತ್ತಿಲ್ಲ, ಅಂಗೈ, ಬೆರಳಿನ ನಡುವೆ ಅಲ್ಲಲ್ಲಿ ಬಣ್ಣ, ಎಷ್ಟು ಅಗಲಿಸಿ ಇಟ್ಟರೂ ಹಾಳೆಯನ್ನು ಮುಚ್ಚಲು ಸಾಲದ ಅಂಗೈ, ಇನ್ನಷ್ಟು ಅಗಲವಾಗುತ್ತಿದೆ.