ಓಡಿದಾಗ ಏಳುವ ಗಂಧೆ

ಸುರಪುರದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಶಿವಲೀಲಾ ದೈಹಿಕ ಶಿಕ್ಷಣದ ಶಿಕ್ಷಕಿ. ಖೋ-ಖೋ ಕಲಿಸುವಾಗ ಸೀಟಿ ಊದಿ ನಿಲ್ಲುವವಳಲ್ಲ, ಹುಡುಗಿಯರ ಜೊತೆ ತಾನೂ ಓಡುವವಳು. ಆ ವರ್ಷ ಮೈದಾನದಲ್ಲಿ ಎರಡು ಸಲ ಕುಸಿದು ಬಿದ್ದಳು. ಮೊದಲು ಅಂಗೈ ತುರಿಸಿತು, ಆಮೇಲೆ ಮೈತುಂಬ ಕೆಂಪು ದದ್ದುಗಳಾಗಿ ಗಂಧೆ ಎದ್ದವು, ತುಟಿ ಊದಿ ಉಸಿರು ಕಟ್ಟಿತು. ಎರಡೂ ಸಲ ದವಾಖಾನೆಯಲ್ಲಿ ಸೂಜಿ ಹಾಕಿದ ಮೇಲೆಯೇ ಚೇತರಿಸಿಕೊಂಡಳು.

"ಬಿಸಲಿಗಿ ಆಗ್ಯದ. ಓಡದು ಬಿಡು," ಎಂದಳು ತಾಯಿ ಗೊಲ್ಲಾಳಮ್ಮ.

ಬಿಸಿಲೇ ಕಾರಣವಾದರೆ ಉಳಿದ ದಿನ ಯಾಕೆ ಆಗಲಿಲ್ಲ? ಶಿವಲೀಲಾಳಿಗೆ ಸಮಾಧಾನವಾಗಲಿಲ್ಲ. ಯಾದಗಿರಿಯಲ್ಲಿ ಅಲರ್ಜಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಅಂಬರೀನ ಅವರಿಗೆ ಫೋನ್ ಮಾಡಿದಳು.

"ರಕ್ತ ಇಲ್ಲೇ ತಗಸಿ ಬಸ್ಸಿನಾಗ ಕಳಸ್ಲೇನ್ರಿ ಮೇಡಂ?"

"ಬ್ಯಾಡ್ರಿ ಟೀಚರ್, ನೀವ ಬರ್ರಿ. ನನಗ ಬೇಕಾದ ರಕ್ತದ ಕಣ ಜೀವಂತ ಇರಬೇಕು."

ಶಹಾಪುರದ ಮೇಲೆ ಹಾದು ಶಿವಲೀಲಾ ಯಾದಗಿರಿಗೆ ಬಂದಳು; ಅಂಬರೀನ ಅವಳ ರಕ್ತ ತೆಗೆದು ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿದರು. ಒಂದಕ್ಕೆ ಶೇಂಗಾದ ಸತ್ವ, ಒಂದಕ್ಕೆ ತೊಗರಿಯದು, ಒಂದಕ್ಕೆ ಗೋಧಿಯದು. ಹೋಲಿಸಿ ನೋಡಲು ಇನ್ನೊಂದಕ್ಕೆ ಬರೀ ಉಪ್ಪುನೀರು. ಬೆಚ್ಚಗಿಟ್ಟು, ಬಣ್ಣ ಬೆರೆಸಿ ಯಂತ್ರಕ್ಕೆ ಕೊಟ್ಟರು.

"ಏನ್ ನೋಡ್ತದ್ರಿ ಇದು?"

"ರಕ್ತದಾಗ ಬೇಸೋಫಿಲ್ ಅಂತ ಬಿಳಿ ಕಣ ಇರ್ತಾವ, ಭಾಳ ಕಮ್ಮಿ. ಮೈಗಿ ಆಗದ್ದು ತಾಗಿದ್ರ ಕೆರಳಿ, ಗಂಧಿ ಎಬ್ಬಸೋ ರಸ ಹೊರಗ ಹಾಕ್ತಾವ. ಕೆರಳಿದ ಕಣದ ಮೈಮ್ಯಾಲ ಒಂದು ಗುರುತು ಏಳ್ತದ. ಅದಕ್ಕ ಬಣ್ಣ ಹತ್ತತದ. ಎಷ್ಟು ಕಣ ಕೆರಳ್ಯಾವ ಅಂತ ಮಷಿನ್ ಎಣಸ್ತದ."

ಪರದೆಯ ಮೇಲೆ ಒಂದೊಂದು ಕಣವೂ ಒಂದೊಂದು ಚುಕ್ಕೆ. ಉಪ್ಪುನೀರಿಗೆ ಚುಕ್ಕೆಗಳು ಕೆರಳದೆ ತಳದಲ್ಲೇ ಉಳಿದವು. ಶೇಂಗಾ, ತೊಗರಿಗೂ ಹಾಗೆಯೇ. ಗೋಧಿಯ ಸರದಿ ಬಂದಾಗ ಅವು ಗುಂಪುಗುಂಪಾಗಿ ಮೇಲೆ ಕಾಣಿಸಿಕೊಂಡವು. ಶಿವಲೀಲಾ ಪರದೆಗೆ ಮುಖ ತಂದಳು. ತನ್ನ ಮೈಯೊಳಗಿನ ಜಗಳವನ್ನು ಹೊರಗೆ ನಿಂತು ನೋಡಿದಂತಾಯಿತು.

"ಆದ್ರ ಮೇಡಂ, ಮೊನ್ನಿ ಮದುವ್ಯಾಗ ಗಂಗಾಳ ತುಂಬ ಗೋಧಿ ಹುಗ್ಗಿ ಉಂಡೀನಿ. ಏನೂ ಆಗಿಲ್ಲ!"

ಅಂಬರೀನ ತಿರುಗಿ ನೋಡಿದರು. "ಉಂಡು ಏನ್ ಮಾಡಿದ್ರಿ?"

"ಮಾತಾಡ್ಕೋತ ಕುಂತಿದ್ದೆ."

"ಬಿದ್ದ ದಿನ ಏನ್ ಉಂಡಿದ್ರಿ?"

ಮನೆಯಲ್ಲಿ ದಿನವೂ ಜೋಳದ ರೊಟ್ಟಿ. ಆ ಎರಡು ದಿನ ಮಾತ್ರ ಸಹಶಿಕ್ಷಕಿಯ ಡಬ್ಬಿಯ ಚಪಾತಿ ತಿಂದು ಸೀದಾ ಮೈದಾನಕ್ಕೆ ಇಳಿದಿದ್ದಳು. ನೆನಪಾಗುತ್ತಲೇ ಶಿವಲೀಲಾ ಎದ್ದು ನಿಂತಳು. "ಗೋಧಿ ಒಂದ ಅಲ್ಲ, ಓಟ ಒಂದ ಅಲ್ಲ. ಎರಡೂ ಕೂಡಿದ್ರ ಆಗತದ!"

"ಕೆಲವರಿಗಿ ಹಂಗ ಆಗ್ತದ. ಖಾತ್ರಿ ಮಾಡ್ಕೊಳ್ಳೂನು."

ಮುಂದಿನ ವಾರ ಆಸ್ಪತ್ರೆಯಲ್ಲಿ, ಸೂಜಿ ಸಿದ್ಧವಿಟ್ಟುಕೊಂಡು ಅವಳನ್ನು ಓಡಿಸಿದರು. ರೊಟ್ಟಿ ತಿಂದು ಓಡಿದ ದಿನ ಬೆವರು ಬಿಟ್ಟರೆ ಏನೂ ಬರಲಿಲ್ಲ. ಚಪಾತಿ ತಿಂದು ಓಡಿದ ದಿನ ಅಂಗೈ ತುರಿಸಿತು. "ಬಂತ್ರಿ ಮೇಡಂ!" ಎಂದು ಅವಳು ಗೆದ್ದವಳಂತೆ ಕೂಗಿದಳು. ಅಂಬರೀನ ತಡಮಾಡದೆ ಸೂಜಿ ಚುಚ್ಚಿದರು.

ಗೋಧಿ ಬಿಟ್ಟು, ಚೀಲದಲ್ಲಿ ಆ ಸೂಜಿಯ ಔಷಧಿ ಇಟ್ಟುಕೊಂಡು ಶಿವಲೀಲಾ ಮತ್ತೆ ಮೈದಾನಕ್ಕಿಳಿದಳು. ಎಲ್ಲವನ್ನೂ ಕೇಳಿಸಿಕೊಂಡ ಗೊಲ್ಲಾಳಮ್ಮ ಕೇಳಿದಳು: "ಕುಂತಾಗ ಸುಮ್ಮನಿರೋ ಕಣ, ಓಡಿದ್ರ ಯಾಕ ಕೆರಳ್ತಾವ?"

ಶಿವಲೀಲಾ ಆಗಲೇ ಅಂಬರೀನರಿಗೆ ಫೋನ್ ಹಚ್ಚಿ ಅದನ್ನೇ ಕೇಳಿದಳು.

"ಪೂರಾ ಯಾರಿಗೂ ಗೊತ್ತಿಲ್ರಿ," ಎಂದರು ಅವರು ನಗುತ್ತ. "ಅದನ್ನ ಹುಡಕಾಕತ್ತೀವಿ."