ದರ್ಜಿ ಎದಾಫೆಯ ಇಂಗ್ಲಿಷು

ಎದಾಫೆಯವರ ಜೊತೆ ನಮ್ಮ ವಾರಿ ಪಟ್ಟಣದ ರಸ್ತೆಯಲ್ಲಿ ನಡೆಯುವುದೆಂದರೆ ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ತೆಗೆದಿಡಬೇಕು. ಎದುರಿಗೆ ಬಂದ ಯಾವ ವಾಹನದ ನಂಬರ್ ಪ್ಲೇಟನ್ನೂ ಅವರು ಸುಮ್ಮನೆ ಬಿಡುವವರಲ್ಲ. ಅದರ ಮೂರು ಅಕ್ಷರಗಳನ್ನು ಒಡಲಲ್ಲಿಟ್ಟುಕೊಂಡ ಇಂಗ್ಲಿಷ್ ಪದಗಳನ್ನೆಲ್ಲ ಗೊಣಗಿ ಮುಗಿಸುವವರೆಗೆ ನಿಂತಲ್ಲೇ ನಿಲ್ಲುತ್ತಾರೆ. ಎಫ್, ಜಿ, ಆರ್ ಕಂಡರೆ ಸಾಕು, ಫ್ರಾಗ್, ಫಿಂಗರ್, ಗ್ರೀಫ್ ಎಂದು ಸಾಧುವಾಗಿ ಹೊರಟ ಸರಣಿ ನಾನು ಹುಟ್ಟಿದಾಗಿನಿಂದ ಕೇಳದ ಪದಗಳವರೆಗೆ ಹೋಗುತ್ತದೆ. ಒಮ್ಮೆ ಆಟೋದವನೊಬ್ಬ ಹಾರ್ನ್ ಬಾರಿಸಿ, "ಅಜ್ಜಾ, ಪ್ರಾರ್ಥನೆ ಚರ್ಚಲ್ಲಿ ಮಾಡ್ಕೋ, ದಾರಿ ಬಿಡು!" ಎಂದು ಕೂಗಿದ. ಇವರು ಅವನ ನಂಬರ್ ಪ್ಲೇಟು ನೋಡಿ ಮತ್ತೆ ಶುರು ಮಾಡಿದರು.

ವೃತ್ತಿಯಲ್ಲಿ ದರ್ಜಿ, ಓದಿದ್ದು ಆರನೇ ತರಗತಿ. ಎತ್ತರದ ಕೃಶ ಶರೀರ; ಹೊಲಿಗೆ ಯಂತ್ರಕ್ಕೆ ಬಾಗಿ ಬಾಗಿ ಎಡಭುಜ ಶಾಶ್ವತವಾಗಿ ಇಳಿದಿದೆ; ಕೊರಳಲ್ಲಿನ ಟೇಪು ಮದುವೆಮನೆಯಲ್ಲೂ ಕೆಳಗಿಳಿಯುವುದಿಲ್ಲ. ತಾವೇ ಹೊಲಿದುಕೊಂಡ ಖಾಕಿ ಕೋಟಿನ ಒಳಜೇಬು ಮಾತ್ರ ಚೀಲದಷ್ಟು ದೊಡ್ಡದು, ಏಕೆಂದರೆ ಅದರಲ್ಲಿ ಇಂಗ್ಲಿಷ್ ಪದಪಟ್ಟಿಯ ದಪ್ಪನೆಯ ಜೆರಾಕ್ಸ್ ಕಟ್ಟು ಕೂರಬೇಕು. ಐವತ್ತೆರಡನೇ ವಯಸ್ಸಿನಲ್ಲಿ, ಚೀಲದಿಂದ ಏಳು ಅಕ್ಷರದ ಬಿಲ್ಲೆ ತೆಗೆದು ಹಲಗೆಯ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಆಟಕ್ಕೆ ಬಿದ್ದವರು, ಒಂಬತ್ತು ವರ್ಷದಲ್ಲಿ ಆ ಕಟ್ಟನ್ನು ಅಕ್ಷರಶಃ ಕಂಠಸ್ಥ ಮಾಡಿದರು. ನಾನು ಅರ್ಥ ಕೇಳಿದರೆ ನಗುತ್ತಾರೆ. "ಅರ್ಥ ನಿಮ್ಗಿರ್ಲಿ ಮೇಷ್ಟ್ರೇ. ಅಂಗಿ ಹೊಲಿಯೋನು, ಹಾಕ್ಕೊಳ್ಳೋನ ಜಾತಕ ಕೇಳ್ತಾನಾ?"

ನಮ್ಮ ಶನಿವಾರದ ಸ್ಕ್ರ್ಯಾಬಲ್ ಕೂಟದಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಯಾರಾದರೂ ಸಂಶಯದ ಪದ ಇಟ್ಟರೆ ಪುಸ್ತಕ ತೆರೆಯುವವರಿಲ್ಲ. ಎಲ್ಲರೂ ಎದಾಫೆಯವರ ಮುಖ ನೋಡುವುದು. ಅವರ ಹುಬ್ಬು ಏರಿತೋ, ಇಟ್ಟವನು ಮಾತಿಲ್ಲದೆ ಬಿಲ್ಲೆಗಳನ್ನು ಹಿಂದೆ ತೆಗೆದುಕೊಳ್ಳುತ್ತಿದ್ದ.

ಅವರಿಗೊಂದು ಆಸೆಯಿತ್ತು. ರಾಜ್ಯ ಸ್ಕ್ರ್ಯಾಬಲ್ ತಂಡದ ಐವರ ಹಸಿರು ಕೋಟುಗಳನ್ನು ವರ್ಷ ವರ್ಷವೂ ಹೊಲಿಯುತ್ತಿದ್ದವರು ಅವರೇ. "ಇನ್ನೊಬ್ರ ಭುಜ ಅಳೆದಿದ್ದು ಸಾಕು. ಈ ಸಲ ಒಂದು ಕೋಟು ನನ್ನ ಅಳತೇದು" ಎಂದು ರಾಜಧಾನಿ ಅಸಾಬಾದಲ್ಲಿ ನಡೆಯುವ ಆಯ್ಕೆ ಪಂದ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೊರಟರು.

ಐದನೇ ಸ್ಥಾನಕ್ಕೆ ಉಳಿದವರು ಇಬ್ಬರೇ, ಇವರು ಮತ್ತು ಟಿಮೆಯಿನ್ ಎಂಬ ಕಾಲೇಜು ಹುಡುಗಿ. ಆಟ ಮುಗಿಯುತ್ತ ಬಂದಾಗ ಆಕೆ ಒಂದು ಉದ್ದದ ಪದ ಇಟ್ಟಳು. ಇವರ ಹುಬ್ಬು ಏರಿತು. ಅಲ್ಲಿ ಹುಬ್ಬಿಗೆ ಬೆಲೆಯಿಲ್ಲ. ಆಕ್ಷೇಪಿಸಿದರೆ ಇಬ್ಬರೂ ಎದ್ದು ಹೋಗಿ ಕಂಪ್ಯೂಟರಿನಲ್ಲಿ ನೋಡಬೇಕು, ಪದ ಸರಿಯಿದ್ದರೆ ಆಕ್ಷೇಪಿಸಿದವರಿಗೆ ಐದಂಕ ದಂಡ.

"ಆ ಪದ ಇಲ್ಲ ಕಣಮ್ಮ" ಎಂದರು ಎದಾಫೆ, ಮೃದುವಾಗಿ.

"ಇದೆ ಅಂಕಲ್. ನಡೀರಿ, ನೋಡೇ ಬಿಡೋಣ."

ಇತ್ತು. ಪಂದ್ಯ ಮುಗಿದಾಗ ಇವರು ಮೂರಂಕದಿಂದ ಸೋತಿದ್ದರು. ಆ ದಂಡ ಬೀಳದಿದ್ದರೆ ಎರಡಂಕದಿಂದ ಗೆದ್ದಿರುತ್ತಿದ್ದರು. ಕೊರಳಿನ ಟೇಪು ತೆಗೆದು, ಅಲ್ಲೇ, ಟಿಮೆಯಿನ್‌ಳ ಭುಜದ ಅಳತೆ ತೆಗೆದುಕೊಂಡರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಟ್ಟು ಬಿಚ್ಚಿ ಆ ಪದ ಹುಡುಕಿದರು. ಒಂದು ಪುಟ ಮುಗಿದಲ್ಲಿಂದ ಮುಂದಿನ ಪುಟದ ಪದಗಳು ಎಲ್ಲೋ ಮುಂದಕ್ಕೆ ಹಾರಿದ್ದವು. ನಡುವಿನ ಒಂದು ಹಾಳೆಯೇ ಇರಲಿಲ್ಲ. ಅಂಚು ಕತ್ತರಿಸಿ ಹೊಲಿದಿದ್ದರಿಂದ ಪುಟಸಂಖ್ಯೆಗಳೂ ಉಳಿದಿರಲಿಲ್ಲ. ಆ ಜೆರಾಕ್ಸ್ ಮಾಡಿಸಿಕೊಟ್ಟವನು ನಾನು. ನಡುವೆ ಕರೆಂಟು ಹೋಗಿತ್ತು, ಜನರೇಟರ್ ಹಾಕಿ ಮುಂದುವರಿಸಿದ್ದರು. ಫುಟ್‌ಬಾಲ್ ಪಂದ್ಯಕ್ಕೆ ಹೊತ್ತಾಯಿತೆಂದು ನಾನು ಎಣಿಸಿ ನೋಡದೆ ಹೊತ್ತು ತಂದಿದ್ದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ಕಾದೆ.

ಬೈಯಲಿಲ್ಲ. ಆ ಪುಟದ ಕೊನೆಯ ಪದಕ್ಕೂ ಮುಂದಿನ ಪುಟದ ಮೊದಲ ಪದಕ್ಕೂ ಬೆರಳಿಟ್ಟು ನೋಡಿದರು. ಆಮೇಲೆ, "ಎಷ್ಟು ಪದ ಹೋಗಿರ್ಬೋದು?" ಎಂದರು.

"ಇನ್ನೂರು ಇರ್ಬೋದು, ಅಣ್ಣ."

"ಅದರಲ್ಲಿ ಎರಡು ನಮ್ಮ ಹುಡುಗ್ರು ಕೂಟದಲ್ಲಿ ಇಟ್ಟಿದ್ರು. ನಾನು ಹುಬ್ಬು ಏರಿಸ್ದೆ. ಪಾಪ, ತೆಗೆದುಬಿಟ್ರು."

ಮುಂದಿನ ಶನಿವಾರ, ನಾನು ಹೊಸದಾಗಿ ಜೆರಾಕ್ಸ್ ಮಾಡಿಸಿ ಕೊಟ್ಟ ಆ ಹಾಳೆಯನ್ನು ಆಗಲೇ ಬಾಯಿಪಾಠ ಮಾಡಿ ಬಂದವರು, ಕೂಟದ ನಡುವೆ ಎದ್ದು ನಿಂತು ಆ ಇಬ್ಬರನ್ನೂ ಹೆಸರು ಹಿಡಿದು ಕರೆದರು. "ನೀವು ಇಟ್ಟಿದ್ದು ಸರಿ ಇತ್ತಪ್ಪ. ನಂದೇ ತಪ್ಪು. ಇನ್ಮೇಲೆ ನನ್ನ ಮುಖ ನೋಡ್ಬೇಡಿ, ಪುಸ್ತಕ ನೋಡಿ." ಒಬ್ಬನಿಗೆ ಯಾವ ಪದವೆಂಬುದೂ ನೆನಪಿರಲಿಲ್ಲ, ಸುಮ್ಮನೆ ತಲೆಯಾಡಿಸಿದ.

ಯಾರ ಹಂಗೂ ಇಲ್ಲದೆ, ಮೈಮುರಿದು ದುಡಿದೇ ವಿದ್ಯೆ ಗಳಿಸಿದವರ ಕುಲವೇ ಬೇರೆ. ಕಲಿತದ್ದರ ಬಗ್ಗೆ ಅವರಿಗೆ ಅಹಂಕಾರವಿರುತ್ತದೆ, ಇರಲೂಬೇಕು. ಆದರೆ ಆ ವಿದ್ಯೆ ತಪ್ಪಿತೆಂದಾಗ ತಮಗಾದ ನಷ್ಟಕ್ಕಿಂತ ಮೊದಲು, ತಮ್ಮಿಂದ ಯಾರಿಗೆ ಅನ್ಯಾಯವಾಯಿತೆಂದು ಹಿಂತಿರುಗಿ ನೋಡುತ್ತಾರೆ. ಇಪ್ಪತ್ತಾರು ವರ್ಷ ಮೇಷ್ಟರಾಗಿ ಸಾವಿರಾರು ಉತ್ತರಗಳಿಗೆ ಕೆಂಪು ಗೆರೆ ಎಳೆದಿದ್ದೇನೆ. ಒಬ್ಬನೇ ಒಬ್ಬ ಹುಡುಗನನ್ನಾದರೂ ಕರೆದು, ನೀನು ಬರೆದದ್ದು ಸರಿ ಇತ್ತಪ್ಪ ಎಂದು ನಾನು ಈವರೆಗೆ ಹೇಳಿಲ್ಲ.