ಕತ್ತರಿಗಿಂತ ತಡವಾದ ಮಾತು

ಹೊಲಿಗೆ ಅಂಗಡಿಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮಗ್ಗುಲ ತಗಡು ಬಿಚ್ಚಿ, ಟಾರ್ಚು ಹಿಡಿದು ಬಗ್ಗಿ ನೋಡಿದ ಟೈಲರಿನ ಭಾವಮೈದ, ಮೂಗಿಗಡರಿದ ದೂಳಿಗೆ ಎರಡು ಸಲ ಸೀನಿ ತೀರ್ಪು ಕೊಟ್ಟ. ಊರಿನವರ ಕಂಪ್ಯೂಟರ್ ರಿಪೇರಿ ಮಾಡಿಯೇ ಅವನ ಜೀವನ ಸಾಗುತ್ತಿತ್ತು.

"ಮದರ್‌ಬೋರ್ಡ್ ಹಳೇದಾಯ್ತು ಭಾವ. ಅದನ್ನ ಬದಲಾಯಿಸಿದ್ರೆ ಅಕ್ಕ ಟೈಪ್ ಮಾಡಿದ ತಕ್ಷಣ ಇದು ಮಾತಾಡತ್ತೆ."

"ಅದೊಂದೇ ತಾನೆ?" ಎಂದ ಟೈಲರ್.

"ಹೊಸ ಬೋರ್ಡಿಗೆ ಹಳೇ ಪ್ರೊಸೆಸರ್ ಕೂರಲ್ಲ. ರ‍್ಯಾಮೂ ಹೊಸದೇ ಹಾಕ್ಬೇಕು."

"ಗುಂಡಿ ಹಾಕ್ಸೋಕೆ ಬಂದವನಿಗೆ ಹೊಸ ಅಂಗಿ ಹೊಲಿಸ್ಕೋ ಅಂದಂಗಾಯ್ತಲ್ಲೋ! ಮೂಗಿಗಿಂತ ಮೂಗುತಿ ಭಾರ. ಆ ದುಡ್ಡಿಗೆ ನನಗೊಂದು ಅಂಚು ಹೊಲಿಯೋ ಓವರ್‌ಲಾಕ್ ಮಷೀನ್ ಬರತ್ತೆ. ನಿಜ ಹೇಳು, ಈ ಡಬ್ಬಾಕ್ಕೆ ಅಷ್ಟು ಸುರಿಯೋದು ಲಾಭಾನಾ?"

ಭಾವಮೈದ ಸುಳ್ಳು ಹೇಳುವವನಲ್ಲ. "ಲೆಕ್ಕ ಹಾಕಿದ್ರೆ ಲಾಭ ಇಲ್ಲ. ನಾಳೆ ಮಾರೋಕೆ ಹೋದ್ರೆ ಹಾಕಿದ್ದರಲ್ಲಿ ಅರ್ಧವೂ ಹುಟ್ಟಲ್ಲ. ಆದ್ರೆ ಅಕ್ಕನ್ನ ಒಂದು ಮಾತು ಕೇಳಿ."

ಅಕ್ಕ ಆಗಲೇ ಕೀಬೋರ್ಡಿನ ಮೇಲೆ ಬೆರಳಿಟ್ಟಿದ್ದಳು. ಅವಳು ಎರಡು ಪದ ಬರೆಯುವಷ್ಟರಲ್ಲಿ ಟೈಲರ್ ಅವಳ ಹೆಗಲ ಮೇಲಿಂದ ಇಣುಕಿ, ಕಡ್ಡಿ ಮುರಿದಂತೆ ಹೇಳಿದ: "ಅವಳೂ ಬೇಡ ಅಂತಾಳೆ."

ಅವಳ ಬೆರಳು ನಿಂತಿತು. ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ತಮ್ಮ ಅದನ್ನು ನೋಡಿದ. ಗಂಡ ನೋಡಲಿಲ್ಲ.

ಈ ಹೆಂಗಸಿನ ಬಾಯಿ ಹಿಂದೆ ಎಂಥದಿತ್ತು ಎಂದು ಆ ಬೀದಿಯಲ್ಲಿ ಯಾರನ್ನಾದರೂ ಕೇಳಬಹುದು. ಬಟ್ಟೆ ಕೊಡಲು ಬಂದವರು ಅವಳ ಹತ್ತಿರ ಬೈಸಿಕೊಂಡು ನಗುತ್ತಾ ಹೋಗುತ್ತಿದ್ದರು. ಹೊಟ್ಟೆ ಒಳಗೆಳೆದುಕೊಂಡು ಅಳತೆಗೆ ನಿಂತ ಬ್ಯಾಂಕಿನ ಗುಮಾಸ್ತನಿಗೆ, "ಸ್ವಾಮಿ, ಪ್ಯಾಂಟು ಹಾಕ್ಕೊಂಡ ಮೇಲೆ ಉಸಿರಾಡ್ತೀರೋ ಇಲ್ವೋ ಹೇಳ್ಬಿಡಿ, ಹಾಗೇ ಹೊಲಿಯೋಣ" ಎಂದವಳು ಅವಳು. ಅಂಗಡಿಯಲ್ಲಿ ಒಂದು ಕಟ್ಟಳೆಯೂ ಇತ್ತು. ಸೀಮೆಸುಣ್ಣದ ಗೆರೆ ಎಳೆಯುವುದು ಗಂಡನ ಕೆಲಸ, ಆದರೆ ಅವಳು ನೋಡಿ "ಹಾಕಿ" ಎನ್ನದೆ ಯಾವ ಬಟ್ಟೆಗೂ ಕತ್ತರಿ ತಾಗುವಂತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಯಾರದೋ ಜುಬ್ಬಾದ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಟ್ಟ ದಿನ ಹುಟ್ಟಿದ ಕಟ್ಟಳೆ ಅದು.

ಆಮೇಲೆ ಗಂಟಲಿಗೆ ಕಾಯಿಲೆ ಬಂತು. ಆಸ್ಪತ್ರೆಯವರು ಜೀವ ಉಳಿಸಿಕೊಟ್ಟರು, ಸ್ವರವನ್ನು ಉಳಿಸಿಕೊಡಲಾಗಲಿಲ್ಲ. ಫೋನಿನ ಪುಟ್ಟ ಅಕ್ಷರಗಳು ಅವಳ ಕಣ್ಣಿಗೂ ಬೆರಳಿಗೂ ಒಗ್ಗಲಿಲ್ಲ. ಚೀಟಿ ಬರೆದು ಕೊಟ್ಟರೆ ಜನ ಕನ್ನಡಕ ಹುಡುಕುತ್ತಾ ನಿಲ್ಲುತ್ತಿದ್ದರು. ಕೊನೆಗೆ ತಮ್ಮ, ಅಂಗಡಿಯಲ್ಲಿ ಬಿಲ್ಲು ಮಾಡಲೆಂದು ತಂದಿದ್ದ ಕಂಪ್ಯೂಟರಿಗೇ ಬರೆದದ್ದನ್ನು ಓದಿ ಹೇಳುವ ಪ್ರೋಗ್ರಾಮ್ ಹಾಕಿಕೊಟ್ಟ. ಅದರೊಳಗಿನ ಹೆಣ್ಣು ದನಿಗೆ ಅವಳು "ಬಾಡಿಗೆಯವಳು" ಎಂದು ಹೆಸರಿಟ್ಟಳು.

ಬಾಡಿಗೆಯವಳು ಮಹಾ ಸೋಮಾರಿ. ಬರೆದು ಮುಗಿಸಿ ಗುಂಡಿ ಒತ್ತಿದ ಮೇಲೆ, ಸೂಜಿಗೆ ದಾರ ಪೋಣಿಸಿ ಗಂಟು ಹಾಕುವಷ್ಟು ಹೊತ್ತು ಬಿಟ್ಟು ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಮಾತು ಇನ್ನೆಲ್ಲಿಗೋ ಹೋಗಿರುತ್ತಿತ್ತು. ತಡವಾಗಿ ಬಂದ ತಮಾಷೆಗೆ ಯಾರು ನಗುತ್ತಾರೆ? ಜನ "ಏನಂದ್ರಿ?" ಎಂದು ಮುಖ ನೋಡುತ್ತಿದ್ದರು. ಅವಳು ಮೆಲ್ಲಮೆಲ್ಲಗೆ ತಮಾಷೆ ಮಾಡುವುದನ್ನೇ ಬಿಟ್ಟಳು. ಆಮೇಲೆ ಉದ್ದದ ಮಾತನ್ನೂ ಬಿಟ್ಟಳು.

ಟೈಲರ್ ಕೆಟ್ಟವನಲ್ಲ. ಹೆಂಡತಿಗೆ ಗಂಜಿ ಕುಡಿಸಿ, ಕತ್ತಿನ ಗಾಯ ತೊಳೆದು ಬದುಕಿಸಿಕೊಂಡವನು. ಅವಳ ಮಾತು ತಡವಾಗುತ್ತದೆಂದು ತಾನೇ ಪರದೆ ನೋಡಿ ಓದಿ ಹೇಳತೊಡಗಿದ. ಮೊದಮೊದಲು ಇದ್ದದ್ದನ್ನು ಇದ್ದಂತೆ ಓದಿದ. ಆಮೇಲೆ ಗಿರಾಕಿಗೆ ಬೇಸರವಾದೀತೆಂದು ಅದರ ಮೊನೆ ಮುರಿದು ಓದಿದ. ಬರಬರುತ್ತಾ ಓದುವುದನ್ನೂ ಬಿಟ್ಟು, ಅವಳು ಹೇಳಬಹುದೆಂದು ತನಗೆ ತೋರಿದ್ದನ್ನೇ ಹೇಳಿಬಿಡುತ್ತಿದ್ದ. 'ನಾನಿರುವಾಗ ಅವಳಿಗೆ ಬೋರ್ಡು ಯಾಕೆ' ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಭಾವಮೈದ ಬಂದು ಹೋದ ವಾರವೇ ಪಕ್ಕದ ಬೀದಿಯ ನರ್ಸಮ್ಮ ಬಂದಳು. ಅವಳ ಗಂಡ ತೀರಿಕೊಂಡು ಇನ್ನೂ ಒಂದು ಚಳಿಗಾಲವೂ ಕಳೆದಿರಲಿಲ್ಲ. ಚೀಲದಿಂದ ಅವನ ಉಣ್ಣೆಯ ಕೋಟು ತೆಗೆದು ಮೇಜಿನ ಮೇಲೆ ಹರವಿದಳು.

"ಇದನ್ನ ನನ್ನ ಅಳತೆಗೆ ಮಾಡ್ಕೊಡಿ. ನೈಟ್ ಡ್ಯೂಟಿಗೆ ಹಾಕ್ಕೋತೀನಿ. ಈಗ್ಲೇ ಕತ್ತರಿಸಿಬಿಡಿ, ನನ್ನ ಕಣ್ಣೆದುರಿಗೇ. ಮನೆಗೆ ಹೋದ್ರೆ ಮನಸ್ಸು ಬದಲಾಗತ್ತೆ."

ಹಾಗೆಂದಳೇ ಹೊರತು ಕೋಟಿನ ಒಂದು ತೋಳನ್ನು ಅವಳ ಕೈ ಬಿಟ್ಟಿರಲಿಲ್ಲ. ಮೂಲೆಯಲ್ಲಿ ಕುಳಿತವಳು ಆ ಕೈಯನ್ನು ನೋಡಿದಳು, ಬೇಗಬೇಗನೆ ಬರೆಯತೊಡಗಿದಳು. ಟೈಲರ್ ಅಳತೆ ತೆಗೆದ, ಗೆರೆ ಎಳೆದ, ಕತ್ತರಿ ಎತ್ತಿಕೊಂಡ.

"ಅಮ್ಮನ್ನ ಒಂದು ಮಾತು ಕೇಳಿ," ಎಂದಳು ನರ್ಸಮ್ಮ. ಅಂಗಡಿಯ ಕಟ್ಟಳೆ ಅವಳಿಗೂ ಗೊತ್ತಿತ್ತು.

ಅವನು ಪರದೆಯ ಕಡೆ ತಿರುಗಲೂ ಇಲ್ಲ. "ಅವಳೂ ಹಾಕಿ ಅಂತಾಳೆ," ಎಂದ. ಅದೇ ಕ್ಷಣ ಮೂಲೆಯಲ್ಲಿ ಗುಂಡಿ ಒತ್ತಿದ ಸದ್ದಾಯಿತು. ಪರದೆಯ ಮೇಲೆ ಪುಟ್ಟ ಚಕ್ರ ತಿರುಗುತ್ತಲೇ ಇತ್ತು. ಅವಳು ಎದ್ದು, ಅಂಗೈಯಿಂದ ಮೇಜು ಬಡಿದಳು. ಅವನು ತಲೆ ಎತ್ತುವುದರೊಳಗೆ ಕತ್ತರಿ ಉಣ್ಣೆಯನ್ನೂ ಒಳಗಿನ ಅಸ್ತರನ್ನೂ ಕೊನೆಯವರೆಗೆ ಸೀಳಿಕೊಂಡು ಹೋಗಿತ್ತು.

ಆಗ ಬಾಡಿಗೆಯವಳು ಬಾಯಿ ಬಿಟ್ಟಳು. ಆ ದನಿಗೆ ದುಃಖವೂ ಇಲ್ಲ, ಆತುರವೂ ಇಲ್ಲ.

"ಕತ್ತರಿ ಹಾಕಬೇಡಿ. ಹೊಲಿಗೆ ಬಿಚ್ಚಿ, ಬಟ್ಟೆ ಒಳಗೆ ಮಡಚಿ ಹೊಲಿಯಿರಿ. ಅವರ ಯಜಮಾನರ ಅಳತೆ ಒಳಗೇ ಇರಲಿ. ಮುಂದೆ ಬೇಕು ಅನ್ನಿಸಿದ ದಿನ ಬಿಚ್ಚಿಕೊಳ್ಳಬಹುದು."

ನರ್ಸಮ್ಮ ಬೈದಿದ್ದರೆ ಅವನಿಗೆ ಎಷ್ಟೋ ಮೇಲಾಗುತ್ತಿತ್ತು. ಅವಳು ಬೈಯಲಿಲ್ಲ. ಕತ್ತರಿಸಿ ಬಿದ್ದ ತುಂಡನ್ನು ಎತ್ತಿ, ಸೀಮೆಸುಣ್ಣ ಕೊಡವಿ, ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡಳು.

"ಹಾಗೂ ಮಾಡಬಹುದಿತ್ತಾ?" ಎಂದು ಕೇಳಿದಳು, ಅವನನ್ನಲ್ಲ, ಮೂಲೆಯಲ್ಲಿ ನಿಂತವಳನ್ನು. ಅವಳು ಹೌದೆಂದು ತಲೆಯಾಡಿಸಿದಳು. ಹತ್ತಿರ ಬಂದು ನರ್ಸಮ್ಮನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು, ಒಬ್ಬಳು ಸದ್ದು ಮಾಡಿ, ಇನ್ನೊಬ್ಬಳು ಸದ್ದಿಲ್ಲದೆ. ಟೈಲರ್ ತನ್ನ ಅಂಗಡಿಯಲ್ಲೇ ನಿಲ್ಲಲು ಜಾಗವಿಲ್ಲದವನಂತೆ ಬಾಗಿಲ ಕಡೆ ಸರಿದ.

ಅಂದೇ ಸಂಜೆ ಭಾವಮೈದನ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ ತಡೆದೂ ತಡೆದೂ ಕೇಳಿದ: "ಹೊಸ ಬೋರ್ಡ್ ಇದ್ದಿದ್ರೆ, ಮಾತು ಕತ್ತರಿಗಿಂತ ಮೊದಲು ಬರ್ತಿತ್ತಾ?"

"ಬರ್ತಿತ್ತು ಭಾವ." ಭಾವಮೈದ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಆದ್ರೆ ನೀವು ಒಂದು ಗಳಿಗೆ ಕಾದಿದ್ರೆ, ಹಳೇದ್ರಲ್ಲೂ ಬರ್ತಿತ್ತು."

ಟೈಲರ್ ಓವರ್‌ಲಾಕ್ ಮಷೀನಿಗೆಂದು ಕೂಡಿಟ್ಟಿದ್ದ ದುಡ್ಡನ್ನು ಜೇಬಿನಿಂದ ತೆಗೆದು ಅವನ ಮುಂದಿಟ್ಟ. "ನನ್ನನ್ನ ರಿಪೇರಿ ಮಾಡೋಕೆ ನಿನ್ನ ಕೈಲಿ ಆಗಲ್ಲ ಕಣೋ. ಅದನ್ನಾದ್ರೂ ಮಾಡು," ಎಂದ. ನಗಬೇಕೆಂದು ಆಡಿದ ಮಾತು, ಇಬ್ಬರಿಗೂ ನಗು ಬರಲಿಲ್ಲ.

ಬೋರ್ಡು ಬಂತು. ಭಾವಮೈದ ಅದನ್ನು ಕೂರಿಸಿ, ತಂತಿಗಳನ್ನು ಸೇರಿಸಿ, ತಗಡು ಮುಚ್ಚಿ, "ಏನಾದ್ರೂ ಹೇಳು ಅಕ್ಕಾ" ಎಂದ. ಅವಳು ಕುರ್ಚಿ ಎಳೆದುಕೊಂಡಳು. ಟೈಲರ್ ಹಿಂದೆ ಬಂದು ನಿಂತ. ಬೈಗುಳವೇ ಬರಲಿ, ಎಷ್ಟು ಹರಿತವಾಗಿದ್ದರೂ ಬರಲಿ, ಕೇಳಿಸಿಕೊಳ್ಳಬೇಕೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಅವಳ ಬೆರಳು ಆಡಿತು. ಕೊನೆಯ ಗುಂಡಿಯಿಂದ ಬೆರಳು ಏಳುವ ಮುಂಚೆಯೇ ದನಿ ಬಂತು.

"ಈಗಲೂ ಹಿಂದೆ ನಿಂತು ಓದುತ್ತಿದ್ದೀರಿ. ಎದುರಿಗೆ ಬಂದು ಕೂತ್ಕೊಳ್ಳಿ."

ಅವನು ಸುತ್ತಿ ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತ. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ಅವಳ ಮುಖ ಮಾತ್ರ ಕಾಣುತ್ತಿತ್ತು. ಅವಳು ಏನು ಬರೆಯುತ್ತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ, ಕೈಕಟ್ಟಿಕೊಂಡು ಕಾದ.